ಲ್ಯಾಪ್‌ಟಾಪಿನ ಸಂಗ್ರಹಕೋಶದ ವಿಸ್ತರಣೆ: ಕ್ಷೇತ್ರಸಂಶೋಧಕರ ದೃಷ್ಟಿಯಿಂದ

ಇತಿಹಾಸದ ಅಧ್ಯಯನಕ್ಕೆ ಆಧಾರಗಳ ಸಂಗ್ರಹವೇ ತಳಹದಿ. ಹಿಂದೆ ಶಾಸನಗಳ ಮಸಿಯಚ್ಚುಗಳು ಕಪಾಟುಗಳನ್ನು ತುಂಬುತ್ತಿದ್ದವು. ಇಂದು ಛಾಯಾಚಿತ್ರಗಳು ಲ್ಯಾಪ್‌ಟಾಪನ್ನು ತುಂಬುತ್ತಿವೆ. ಮಹಾಗಾಂವವನ್ನು ನೆಲೆಯಾಗಿ ಮಾಡಿಕೊಂಡು ಕಮಲಾಪುರ ತಾಲ್ಲೂಕಿನ ಗ್ರಾಮಗಳನ್ನು ಸುತ್ತುವ ವಿದ್ಯಾರ್ಥಿಯೊಬ್ಬನು ಒಂದು ಶಾಸನವನ್ನು ಓರೆಬೆಳಕಿನಲ್ಲಿ 20 ಬಾರಿ ಚಿತ್ರಿಸಿದನೆನ್ನೋಣ. ಚಿತ್ರವೊಂದಕ್ಕೆ 25 ಎಂಬಿ ಎಂದು ಹಿಡಿದರೆ ಎರಡು ಶಾಸನಗಳಿಗೆ 1 ಜಿಬಿ ಬೇಕಾಗುತ್ತದೆ. 256 ಜಿಬಿಯ ಯಂತ್ರ ಬಹುಬೇಗ ಭರ್ತಿಯಾಗುತ್ತದೆ. ಆಗ ಅವನು ಅನಾವಶ್ಯಕವೆಂದು ತೋರಿದ ಚಿತ್ರಗಳನ್ನು ಅಳಿಸತೊಡಗುತ್ತಾನೆ. ಅಳಿಸಿದ ಚಿತ್ರದಲ್ಲಿಯೇ ಸವೆದ ಅಕ್ಷರವೊಂದು ಸ್ಪಷ್ಟವಾಗಿದ್ದಿರಬಹುದು. ಆದುದರಿಂದ ಯಂತ್ರದ ಒಳಗೇ ಸ್ಥಳವನ್ನು ಹೆಚ್ಚಿಸುವ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಮೊದಲು ಅವಕಾಶವೆಲ್ಲಿದೆ ಎಂಬುದನ್ನು ನೋಡಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಡ್ರೈವಿಗೆ ಒಂದು ಕೋಣೆಯುಂಟು. ಡ್ರೈವನ್ನು ಹೊರತೆಗೆದು, ಅದೇ ಆಕಾರದ ‘ಕ್ಯಾಡಿ’ ಎಂಬ ತಟ್ಟೆಯಲ್ಲಿ 2.5 ಅಂಗುಲದ ಡಿಸ್ಕನ್ನು ಕೂರಿಸಿ ಆ ಕೋಣೆಗೆ ಸೇರಿಸಬಹುದು. ಡಿವಿಡಿ ಡ್ರೈವಿನ ದಪ್ಪ ಸಾಮಾನ್ಯವಾಗಿ 12.7 ಅಥವಾ 9.5 ಮಿಲಿಮೀಟರು, ಅಳೆಯದೆ ಕ್ಯಾಡಿಯನ್ನು ಕೊಳ್ಳಬಾರದು. ಡಿವಿಡಿ ಡ್ರೈವಿನ ವಿದ್ಯುತ್ ಸಂಪರ್ಕದಲ್ಲಿ 6 ಕಡ್ಡಿಗಳೂ ಡಿಸ್ಕಿನದರಲ್ಲಿ 15 ಕಡ್ಡಿಗಳೂ ಇರುತ್ತವೆ. ಇವೆರಡನ್ನು ಹೊಂದಿಸುವುದೇ ಕ್ಯಾಡಿಯ ಮುಖ್ಯ ಕೆಲಸ. 2.5 ಅಂಗುಲದ ಡಿಸ್ಕಿಗೆ 5 ವೋಲ್ಟುಗಳೇ ಸಾಕಾಗುವುದರಿಂದ ಈ ಜೋಡಣೆ ಸಾಧ್ಯವಾಗಿದೆ.

ಕೆಲವು ಹಳೆಯ ಯಂತ್ರಗಳಲ್ಲಿ ಈ ಕೋಣೆಯ ಸಂಪರ್ಕ ನಿಧಾನವಾದುದು. ಆದಕಾರಣ ವೇಗವುಳ್ಳ ಎಸ್‌ಎಸ್‌ಡಿಯನ್ನು ಮೂಲ ಡಿಸ್ಕಿನ ಸ್ಥಾನದಲ್ಲಿಟ್ಟು, ತಿರುಗುವ ಹಳೆಯ ಡಿಸ್ಕನ್ನು ಕ್ಯಾಡಿಗೆ ವರ್ಗಾಯಿಸುವುದು ಯುಕ್ತ. ಹೊಸ ಯಂತ್ರಗಳಲ್ಲಿ ಡಿವಿಡಿ ಡ್ರೈವು ಬಹುಮಟ್ಟಿಗೆ ಇಲ್ಲವಾದರೂ ಕೆಲವುಗಳಲ್ಲಿ ಎಂ.2 ಎಂಬ ಖಾಲಿ ಸ್ಥಾನವಿರುತ್ತದೆ. ಇದಕ್ಕೆ ಹೊಂದುವ ಫಲಕಗಳಲ್ಲಿ 2280 ಎಂಬ ಸಂಖ್ಯೆ 22 ಮಿಲಿಮೀಟರು ಅಗಲವನ್ನೂ 80 ಮಿಲಿಮೀಟರು ಉದ್ದವನ್ನೂ ಸೂಚಿಸುತ್ತದೆ. ನೋಟಕ್ಕೆ ಒಂದೇ ತೆರನಾದ ಫಲಕಗಳಲ್ಲಿಯೂ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಪದ್ಧತಿಗಳಿವೆ. ಯಂತ್ರ ಯಾವುದನ್ನು ಒಪ್ಪುವುದೆಂದು ಕೈಪಿಡಿಯಿಂದ ತಿಳಿಯಬೇಕು. ಸಂಗ್ರಹಕೋಶವನ್ನು ಮುಖ್ಯ ಫಲಕಕ್ಕೇ ಬೆಸೆದಿದ್ದು ಖಾಲಿ ಸ್ಥಾನವೂ ಇಲ್ಲದಿದ್ದರೆ ಒಳಗಿನ ವಿಸ್ತರಣೆಯ ಆಸೆಯನ್ನು ಬಿಡುವುದೇ ಲೇಸು.

ಯಂತ್ರವನ್ನು ಬಿಚ್ಚುವ ಮುನ್ನ ಅದರಲ್ಲಿರುವುದನ್ನೆಲ್ಲ ಬೇರೊಂದೆಡೆ ಪ್ರತಿಮಾಡಿಕೊಳ್ಳುವುದು ಅತ್ಯಾವಶ್ಯಕ. ಈ ನಿಯಮದ ಬೆಲೆಯನ್ನು ನಮ್ಮ ಜಿಲ್ಲೆಯ ಸನ್ನತಿಯೇ ಕಲಿಸಿದೆ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಶಿಲೆಯ ಮೇಲೆ ಅಶೋಕನ ಶಾಸನ ಕಾಣಿಸಿತು. ವಿಗ್ರಹವನ್ನು ನಿಲ್ಲಿಸಲೆಂದು ಹಿಂದೆಂದೋ ಆ ಶಿಲೆಯ ನಡುವೆ ಕುಳಿಯನ್ನು ಕೊರೆದಿದ್ದರಿಂದ ಅಲ್ಲಿಯ ಬ್ರಾಹ್ಮೀ ಅಕ್ಷರಗಳು ನಷ್ಟವಾಗಿದ್ದವು. ಕೊರೆದವರಲ್ಲಿ ದುರುದ್ದೇಶವಿತ್ತೆಂದು ಹೇಳಲಾಗದು. ಅವರಿಗೆ ಬೇಕಾದುದು ಪೀಠ ಮಾತ್ರ. ಸ್ಥಳಕ್ಕಾಗಿ ಯಂತ್ರವನ್ನು ಬಿಚ್ಚುವವನಿಗೂ ಇದೇ ಅಪಾಯವುಂಟು.

ಪ್ರತಿ ಸಿದ್ಧವಾದ ಬಳಿಕ ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ಚಾರ್ಜರನ್ನು ಕಳಚಿ, ಬ್ಯಾಟರಿಯ ಸಂಪರ್ಕವನ್ನು ಬಿಡಿಸಬೇಕು. ಮೈಮೇಲಿನ ಸ್ಥಿರವಿದ್ಯುತ್ತು ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲುದು. ಭೂಸಂಪರ್ಕವುಳ್ಳ ಲೋಹವನ್ನು ಮುಟ್ಟಿ ಕೆಲಸಕ್ಕೆ ತೊಡಗಬೇಕು. ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಕಾಗದದ ಮೇಲೆ ಜೋಡಿಸಿಟ್ಟರೆ ಮರುಜೋಡಣೆ ಸುಲಭ. ಹೊಸ ಡಿಸ್ಕು ಕಾಣಿಸಿಕೊಂಡ ಮೇಲೆ ಅದನ್ನು ಫಾರ್ಮ್ಯಾಟ್ ಮಾಡಬೇಕು. ಕೈತಪ್ಪಿ ಹಳೆಯದನ್ನು ಆರಿಸಿದರೆ ಅದರಲ್ಲಿರುವುದೆಲ್ಲ ಹೋಗುತ್ತದೆ.

ಕೊನೆಯದಾಗಿ ಒಂದು ಮಾತು. ಒಂದೇ ಯಂತ್ರದೊಳಗಿನ ಎರಡು ಡಿಸ್ಕುಗಳು ಸ್ಥಳವನ್ನು ಹೆಚ್ಚಿಸುತ್ತವೆಯೇ ಹೊರತು ಪೂರ್ಣ ರಕ್ಷಣೆಯನ್ನು ಒದಗಿಸವು. ಯಂತ್ರ ಕಳುವಾದರೆ ಎರಡೂ ಕಳುವಾದಂತೆ. ಆದುದರಿಂದ ಒಂದು ಪ್ರತಿ ವಿಭಾಗದ ಕಪಾಟಿನಲ್ಲಿಯೂ ಇರಲಿ. ಮೂಲಶಿಲೆ ಸವೆದ ಕಾಲಕ್ಕೆ ಮುಂದಿನ ಸಂಶೋಧಕನಿಗೆ ಉಳಿಯುವ ಆಧಾರ ಆ ಪ್ರತಿಯೊಂದೇ ಆಗಬಹುದು.