ಮನೆಯ ಪರದೆಗೆ ಕಾವಲು ಯಾರದು?



ಯೇಸುಸ್ವಾಮಿಯ ಸ್ವರ್ಗಾರೋಹಣ ಹಬ್ಬದ ಭಾನುವಾರದಂದೇ ಧರ್ಮಸಭೆಯು ವಿಶ್ವ ಸಂಪರ್ಕ ಮಾಧ್ಯಮ ದಿನವನ್ನೂ ಆಚರಿಸುತ್ತದೆ. 1967ರಿಂದ ನಡೆದುಬಂದ ಪದ್ಧತಿಯಿದು. ಶಿಷ್ಯರನ್ನು ಲೋಕದ ನಾಲ್ಕೂ ದಿಕ್ಕಿಗೆ ಸಾರಲು ಕಳುಹಿಸಿದ ಹಬ್ಬದಂದು, ಲೋಕದ ನಾಲ್ಕೂ ದಿಕ್ಕಿನಿಂದ ನಮ್ಮ ಮನೆಗೆ ಏನು ಬರುತ್ತಿದೆ ಎಂದು ಯೋಚಿಸುವುದು ತಕ್ಕದ್ದೇ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಲ್ಲೇ ಮನೆಗಳನ್ನು ಭೇಟಿ ಮಾಡಿದರೂ ತಾಯಂದಿರು ಕೇಳುವ ಮಾತು ಒಂದೇ: "ಫಾದರ್, ಜಪಸರ ಮುಗಿಸಿ ಟಿ.ವಿ. ಹಾಕಿದರೆ ಮಕ್ಕಳ ಜೊತೆ ಕೂತು ನೋಡೋ ಹಾಗಿಲ್ಲ. ಸರ್ಕಾರ ಇದನ್ನೆಲ್ಲ ಯಾಕೆ ನಿಲ್ಲಿಸಬಾರದು?" 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದಾಗ ಇಂಥ ಪ್ರಶ್ನೆಯೇ ಇರಲಿಲ್ಲ. ಈಗ ಇದೆ, ಉತ್ತರವೂ ಅಷ್ಟು ಸುಲಭವಲ್ಲ.

ಮೊದಲು ಕಾನೂನನ್ನು ನೋಡೋಣ. ಸಂವಿಧಾನದ 19ನೇ ವಿಧಿ ಪ್ರತಿಯೊಬ್ಬ ಪ್ರಜೆಗೂ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. ಅದೇ ವಿಧಿಯ ಎರಡನೇ ಭಾಗ ಸಭ್ಯತೆ, ನೈತಿಕತೆ, ಮಾನಹಾನಿ, ಸಾರ್ವಜನಿಕ ಶಾಂತಿ ಮುಂತಾದ ಕೆಲವೇ ಕಾರಣಗಳಿಗಾಗಿ ನ್ಯಾಯವಾದ ಮಿತಿ ಹಾಕಬಹುದು ಎನ್ನುತ್ತದೆ. ಅಧಿಕಾರದಲ್ಲಿರುವವರಿಗೆ ಮುಜುಗರವಾಗುತ್ತದೆ ಎಂಬುದು ಆ ಪಟ್ಟಿಯಲ್ಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು, ಕ್ರಿಕೆಟ್ ಪ್ರಸಾರದ ಮೊಕದ್ದಮೆಯಲ್ಲಿ, ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಆಸ್ತಿ ಎಂದಿತು. ಅದೇ ವರ್ಷ ಕೇಬಲ್ ಟಿ.ವಿ. ಕಾಯ್ದೆ ಬಂತು. ಅದರ ಕಾರ್ಯಕ್ರಮ ಸಂಹಿತೆ ಸಭ್ಯತೆಗೆ ಧಕ್ಕೆ ತರುವ, ಸ್ತ್ರೀಯರನ್ನು ಹೀನವಾಗಿ ತೋರಿಸುವ, ಧರ್ಮಗಳನ್ನು ನಿಂದಿಸುವ ಕಾರ್ಯಕ್ರಮಗಳನ್ನು ನಿಷೇಧಿಸುತ್ತದೆ. ಮಕ್ಕಳಿಗೆ ತಕ್ಕುದಲ್ಲದ್ದನ್ನು ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ತೋರಿಸಬಾರದೆಂದೂ ಹೇಳುತ್ತದೆ. ಅಂದರೆ ತಾಯಂದಿರ ಕೋರಿಕೆ ಕಾನೂನಿನಲ್ಲಿ ಆಗಲೇ ಇದೆ.

ತೊಡಕಿರುವುದು ಅಶ್ಲೀಲ ಯಾವುದೆಂದು ತೀರ್ಮಾನಿಸುವುದರಲ್ಲಿ. ದುರ್ಬಲ ಮನಸ್ಸಿನವರನ್ನು ಕೆಡಿಸುವಂಥದ್ದು ಅಶ್ಲೀಲ ಎಂಬ ಹಳೆಯ ಇಂಗ್ಲಿಷ್ ಅಳತೆಗೋಲನ್ನು 1965ರಲ್ಲಿ ಒಪ್ಪಿದ್ದ ಸುಪ್ರೀಂ ಕೋರ್ಟು, 2014ರಲ್ಲಿ ಅದನ್ನು ಕೈಬಿಟ್ಟು, ಇಂದಿನ ಸಮಾಜದ ಸಾಮಾನ್ಯ ಜನರ ದೃಷ್ಟಿಯಿಂದ ಇಡೀ ಸಂದರ್ಭವನ್ನು ನೋಡಬೇಕು ಎಂದಿತು. ಗಾಯಗೊಂಡ ದೇಹವೂ ಕಾಮಕ್ಕಾಗಿ ತೋರಿಸಿದ ದೇಹವೂ ಒಂದೇ ಅಲ್ಲವಲ್ಲ.

ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೆನೆಯಿರಿ. 2012ರ ಫೆಬ್ರವರಿ 7ರಂದು, ಸದನ ನಡೆಯುತ್ತಿದ್ದಾಗ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದು ಸುದ್ದಿವಾಹಿನಿಯ ಕ್ಯಾಮೆರಾಕ್ಕೆ ಸಿಕ್ಕಿತು. ಮರುದಿನ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಆ ದೃಶ್ಯವನ್ನು ದಿನವಿಡೀ ತಿರುಗಿಸಿ ತಿರುಗಿಸಿ ಹಾಕಿದ್ದನ್ನು ನಾವು ಒಪ್ಪುವುದಿಲ್ಲ. ಸುದ್ದಿಗೆ ಒಂದು ಸಲ ಸಾಕಿತ್ತು. ಆದರೆ ಕ್ಯಾಮೆರಾ ಇಲ್ಲದಿದ್ದರೆ ವಿಷಯವೇ ಹೊರಬರುತ್ತಿರಲಿಲ್ಲ. 2019ರ ಅಕ್ಟೋಬರಿನಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನೇ ಸದನದಿಂದ ಹೊರಗಿಡಲಾಯಿತು.

2021ರ ಮಾರ್ಚಿನಲ್ಲಿ ಸಚಿವರೊಬ್ಬರಿಗೆ ಸಂಬಂಧಿಸಿದ್ದೆನ್ನಲಾದ ಸಿ.ಡಿ. ವಾಹಿನಿಗಳಲ್ಲಿ ಬಂದು ಅವರು ರಾಜೀನಾಮೆ ನೀಡಿದ ಬೆನ್ನಲ್ಲೇ, ಬೇರೆ ಆರು ಸಚಿವರು ತಮ್ಮ ಬಗ್ಗೆ ಮಾನಹಾನಿಕರವಾದದ್ದನ್ನು ಪ್ರಸಾರ ಮಾಡಬಾರದೆಂದು ಬೆಂಗಳೂರಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಆರು ಮಂದಿಯಲ್ಲಿ ಒಬ್ಬರು ಅಂದಿನ ಕೆ.ಆರ್.ಪೇಟೆ ಶಾಸಕ ಕೆ.ಸಿ. ನಾರಾಯಣಗೌಡರು. ಮಾನ ಕಾಪಾಡಿಕೊಳ್ಳಲು ಕೋರ್ಟಿಗೆ ಹೋಗುವುದು ಯಾರಿಗೂ ಇರುವ ಹಕ್ಕು. ಪ್ರಸಾರಕ್ಕೆ ಮುಂಚೆಯೇ ಬಾಯಿ ಕಟ್ಟುವುದು ಎಲ್ಲಿಯವರೆಗೆ ಸರಿ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಹೆಣ್ಣುಮಗಳೊಬ್ಬಳ ಖಾಸಗಿ ದೃಶ್ಯವನ್ನು ಬೀದಿಗೆ ತರುವುದು ತಪ್ಪೇ. ಅಧಿಕಾರಸ್ಥರ ನಡತೆ ಪ್ರಶ್ನಿಸುವುದು ಬೇರೆ. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಬಾರದು.

ಕ್ರೈಸ್ತರಾದ ನಮಗೆ ಇದು ದೂರದ ಮಾತಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ದೇವಾಲಯಗಳ ಮೇಲೆ ದಾಳಿಯಾದಾಗ, ಬಳಿಕ ಪೊಲೀಸರು ಲಾಠಿ ಬೀಸಿದಾಗ, ನಾಡಿನ ಜನ ಅದನ್ನು ಕಂಡದ್ದು ಟಿ.ವಿ.ಯಲ್ಲೇ. "ಶಾಂತಿ ಕದಡುತ್ತದೆ" ಎಂದು ಅಂದು ಕ್ಯಾಮೆರಾ ನಿಲ್ಲಿಸಿದ್ದರೆ? ಇನ್ನೊಂದು ಮಗ್ಗುಲೂ ಇದೆ. 2006ರಲ್ಲಿ 'ದ ಡಾ ವಿಂಚಿ ಕೋಡ್' ಚಿತ್ರದ ವಿರುದ್ಧ ನಮ್ಮವರೇ ದನಿ ಎತ್ತಿದರು. ಆಂಧ್ರಪ್ರದೇಶ ಸರ್ಕಾರ ನಿಷೇಧಿಸಿತು, ಅಲ್ಲಿನ ಹೈಕೋರ್ಟು ನಿಷೇಧವನ್ನು ರದ್ದುಪಡಿಸಿತು. ಆ ತೀರ್ಪು ನಮ್ಮಲ್ಲಿ ಹಲವರಿಗೆ ನೋವು ತಂದಿರಬಹುದು. ಆದರೂ ಪೀಠದಿಂದ ನಾವು ನಿರ್ಭಯವಾಗಿ ಪ್ರಬೋಧಿಸುವುದೂ ಅದೇ ಸ್ವಾತಂತ್ರ್ಯದ ನೆರಳಿನಲ್ಲೇ.

ಹಾಗಾದರೆ ತಾಯಂದಿರು ಏನು ಮಾಡಬೇಕು? 2021ರ ಜೂನ್‌ನಲ್ಲಿ ತಿದ್ದಿದ ಕೇಬಲ್ ನಿಯಮಗಳ ಪ್ರಕಾರ ದೂರನ್ನು ಮೊದಲು ವಾಹಿನಿಗೇ ಬರೆಯಬೇಕು. ಅದು 15 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ತೃಪ್ತಿಯಾಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು. "ಎಲ್ಲ ಕೆಟ್ಟುಹೋಗಿದೆ" ಎಂದು ಬರೆದರೆ ಯಾರೂ ಓದುವುದಿಲ್ಲ. ಯಾವ ವಾಹಿನಿ, ಯಾವ ಕಾರ್ಯಕ್ರಮ, ಯಾವ ತಾರೀಖು, ಎಷ್ಟು ಗಂಟೆಗೆ, ಏನು ತೋರಿಸಿದರು, ಮನೆಯಲ್ಲಿ ಆಗ ಎಷ್ಟು ವಯಸ್ಸಿನ ಮಕ್ಕಳಿದ್ದರು ಎಂದು ಸ್ಪಷ್ಟವಾಗಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಬರೆಯಲು ಹಿಂಜರಿಯುವವರು ಪೂಜೆಯ ನಂತರ ನಮ್ಮಲ್ಲಿಗೆ ಬಂದರೆ ಕೂತು ಬರೆದುಕೊಡುತ್ತೇವೆ.