ಪಿಯಾನೋ ಇಲ್ಲದ ಸ್ಯಾಕ್ಸೋಫೋನ್: ರೋಲಿನ್ಸ್‌ನಿಂದ ‘ಜ್ಯೋತಿ’ಯವರೆಗೆ

ಬೆಂಗಳೂರಿನ ಯಲಹಂಕ, ಹೆಬ್ಬಾಳ, ಯಶವಂತಪುರಗಳ ಕಲ್ಯಾಣಮಂಟಪಗಳಲ್ಲಿ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ನುಡಿದರೆ ಇಂದು ಯಾರೂ ಅಚ್ಚರಿಪಡುವುದಿಲ್ಲ. ಕದ್ರಿ ಗೋಪಾಲನಾಥರ ಸಾಧನೆಯಿಂದ ಆ ವಾದ್ಯ ಕನ್ನಡಿಗರ ಕಿವಿಗೆ ಕರ್ನಾಟಕ ಸಂಗೀತದ್ದೇ ಆಗಿಬಿಟ್ಟಿದೆ. ಆದರೆ ಅದೇ ವಾದ್ಯದ ಜಾಝ್ ಪರಂಪರೆಯೊಡನೆ ಬೆಂಗಳೂರಿನ ಲಯವಾದ್ಯಗಾರರು ನಡೆಸಿದ ಸಂವಾದಕ್ಕೆ ಕನ್ನಡದಲ್ಲಿ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಆ ಜಾಝ್ ಪರಂಪರೆಯಲ್ಲಿ, ವೇಗವೂ ಜಟಿಲವೂ ಆದ ಬೀಬಾಪ್ ಶೈಲಿಗೆ ಬ್ಲೂಸ್ ಮತ್ತು ಚರ್ಚ್ ಗಾಯನದ ಭಾವವನ್ನು ಬೆರೆಸಿ 1950ರ ದಶಕದಲ್ಲಿ ಅಮೆರಿಕದ ಕಪ್ಪುಜನಾಂಗದ ಕಲಾವಿದರು ರೂಪಿಸಿದ ಬಗೆಯೇ ಹಾರ್ಡ್ ಬಾಪ್. ತಗ್ಗು ಸ್ಥಾಯಿಯ ಟೆನರ್ ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಸನ್ನಿ ರೋಲಿನ್ಸ್ 1957ರ ನವೆಂಬರ್ 3ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಶ್ರೋತೃಗಳ ಎದುರಿಗೇ ಧ್ವನಿಮುದ್ರಿಸಿದ ಕಛೇರಿ ಈ ಶೈಲಿಯ ಶಿಖರಗಳಲ್ಲೊಂದು. ಅದರಲ್ಲಿ ಪಿಯಾನೋ ಇರಲಿಲ್ಲ, ಡಬಲ್ ಬಾಸ್ ಮತ್ತು ಡ್ರಮ್ಸ್ ಮಾತ್ರ ಇದ್ದವು. ಹಲವು ಸ್ವರಗಳನ್ನು ಏಕಕಾಲಕ್ಕೆ ನುಡಿಸುವ ‘ಕಾರ್ಡ್’ಗಳ ಮೂಲಕ ಏಕವಾದಕನಿಗೆ ದಾರಿ ತೋರುವ ಪಿಯಾನೋ ಹಿಂದೆ ಸರಿದಾಗ ರಾಗಭಾರವೆಲ್ಲ ಸ್ಯಾಕ್ಸೋಫೋನಿನ ಮೇಲೆ ಬೀಳುತ್ತದೆ, ಡ್ರಮ್ಸ್ ಕೂಡ ಬರಿಯ ತಾಳ ಹಿಡಿಯುವುದನ್ನು ಬಿಟ್ಟು ಮಾತಿಗೆ ಮರುಮಾತು ಕೊಡಬೇಕಾಗುತ್ತದೆ. ಅಂದಿನ ಸಂಜೆಯ ಕಛೇರಿಯಲ್ಲಿ ಡ್ರಮ್ಸ್ ವಾದಕ ಎಲ್ವಿನ್ ಜೋನ್ಸ್ ಕೊಟ್ಟದ್ದು ಅಂಥ ಮರುಮಾತನ್ನೇ. ಒಂದು ಚಿಕ್ಕ ಸಂಗತಿಯನ್ನು ಹಿಡಿದು, ತಿರುಗಿಸಿ, ಹಿಗ್ಗಿಸುವ ರೋಲಿನ್ಸ್ ಕ್ರಮ, ಸಾಹಿತ್ಯದ ಒಂದು ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ನೆರವಲ್ ಬಲ್ಲ ಕೇಳುಗರಿಗೆ ಅಪರಿಚಿತವೆನಿಸದು.

ಪಿಯಾನೋ ಇಲ್ಲದೆ ನುಡಿಸುವ, ರೋಲಿನ್ಸ್ ಅರ್ಧ ತೆರೆದ ಈ ಬಾಗಿಲನ್ನು ಪೂರ್ತಿ ತೆರೆದದ್ದು 1983ರಲ್ಲಿ ಜರ್ಮನಿಯಲ್ಲಿ ಧ್ವನಿಮುದ್ರಣಗೊಂಡ ‘ಜ್ಯೋತಿ’ ಎಂಬ ಮುದ್ರಿಕೆ. ಬಾಸ್ಟನ್ನಿನಲ್ಲಿ ಹುಟ್ಟಿ, ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನಂಥವರ ಜೊತೆ ನುಡಿಸಿ, ಮುಂದೆ ನಾಗಸ್ವರವನ್ನೂ ಕಲಿತ ಆಲ್ಟೋ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೊ ಇದರಲ್ಲಿ ಜೊತೆಗೂಡಿದ್ದು, ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಡನೆ. ಇಲ್ಲಿ ಪಿಯಾನೋ ಇಲ್ಲ, ಬಾಸ್ ಇಲ್ಲ. ತಂಬೂರಿಯ ಶ್ರುತಿ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ, ಟಿ.ಎನ್. ಶಶಿಕುಮಾರರ ಖಂಜಿರ ಇವೆ. ಮುಖಪುಟದಲ್ಲಿ ಮಾರಿಯಾನೊ ಹೆಸರು ಮೊದಲಿದ್ದರೂ ಮುದ್ರಿಕೆಯ ಬೆನ್ನೆಲುಬು ಆರ್.ಎ. ರಮಾಮಣಿಯವರ ಕಂಠ ಮತ್ತು ಕೊನ್ನಕ್ಕೋಲು, ಅಂದರೆ ತಾಳವಾದ್ಯದ ಜತಿಗಳನ್ನು ಬಾಯಲ್ಲೇ ನುಡಿಯುವ ಕಲೆ. ಮಾರಿಯಾನೊ ತನ್ನ ಜಾಝ್ ಪಾಂಡಿತ್ಯವನ್ನು ಮೆರೆಸಲು ಹೋಗದೆ ಆ ಕಂಠದ ಜಾಡಿನಲ್ಲೇ ನಡೆಯುವುದು ಅವನ ವಿನಯಕ್ಕೂ ವಿದ್ವತ್ತಿಗೂ ಸಾಕ್ಷಿ. ಮುಂದೆ ಇದೇ ಕೂಟದ ನೇರ ಕಛೇರಿಯೂ ‘ಲೈವ್’ ಎಂಬ ಹೆಸರಿನ ಮುದ್ರಿಕೆಯಾಗಿ ಹೊರಬಂತು.

ಮಾರಿಯಾನೊ 2009ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು. ಬೆಂಗಳೂರಿನ ಸಂಗೀತ ಶಾಲೆಗಳು ಲಯಪಾಠದ ನಡುವೆ ‘ಜ್ಯೋತಿ’, ‘ಲೈವ್’ ಎಂಬ ಈ ಎರಡು ಮುದ್ರಿಕೆಗಳನ್ನು ವಿದ್ಯಾರ್ಥಿಗಳಿಗೆ ಕೇಳಿಸಬೇಕು.