ಹಾಡಿಲ್ಲದೆ ಗೆದ್ದ ‘ತರ್ಕ’

ಹಾಡಿಲ್ಲದ ಪಿಕ್ಚರ್ರಾ? ಕಾಸು ದಂಡ ಕಣ್ರೀ! ಹೀಗನ್ನುವವರಿಗೆ 1989ರ ‘ತರ್ಕ’ವೇ ಜವಾಬು. ಅದು ಸುನಿಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ. ಹಾಡಿನ ಕ್ಯಾಸೆಟ್ಟೇ ಅರ್ಧ ಪ್ರಚಾರವಾಗಿದ್ದ ಕಾಲದಲ್ಲಿ ಹೊಸಬನೊಬ್ಬ ಹಾಡೇ ಬೇಡ ಅಂದದ್ದು ಸಣ್ಣ ಎದೆಗಾರಿಕೆಯಲ್ಲ.

ಕತೆಯ ಬೇರು ಅಗಾಥಾ ಕ್ರಿಸ್ಟಿಯ 1958ರ ನಾಟಕದಲ್ಲಿದೆ. ಹಿಂದಿಯಲ್ಲಿ ಬಿ.ಆರ್. ಚೋಪ್ರಾ 1973ರಲ್ಲೇ ಅದನ್ನು ‘ಧುಂದ್’ ಮಾಡಿದ್ದರು. ರಾತ್ರಿ ಅಪರಿಚಿತನೊಬ್ಬ ಮನೆ ಹೊಕ್ಕುತ್ತಾನೆ. ಒಳಗೆ ಗಂಡನ ಹೆಣ, ಜತೆಗೆ ಹೆಂಡತಿ. ಶಂಕರ್‌ನಾಗ್, ವನಿತಾ ವಾಸು, ದೇವರಾಜ್. ಬೇರೆ ಪಿಕ್ಚರಿನಲ್ಲಿ ಹಾಡು ಬಂತೆಂದರೆ ಬೀಡಿ ಸೇದೋಕೆ ಎದ್ದು ಹೋಗಬಹುದು. ಇಲ್ಲಿ ಎದ್ದರೆ ಎಳೆ ತಪ್ಪಿತು!

1990ರಲ್ಲಿ ತಮಿಳಿಗೂ ಹೋಯಿತು, ‘ಪುರಿಯಾದ ಪುದಿರ್’ ಆಗಿ. ಅದೇ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಗುಟ್ಟು ಗೊತ್ತಿದ್ದೂ ಮತ್ತೆ ನೋಡೋದ್ಯಾಕೆ? ಮೊದಲ ಸಲ ಹುಡುಕಿದ್ದು ಕೊಂದವರನ್ನು. ಎರಡನೇ ಸಲ ನಿಗಾ ಎಲ್ಲ ಸುಳ್ಳು ಹೇಳುವಾಗಿನ ಕಣ್ಣುಗಳ ಮೇಲೆ. ಅರೆ, ಇಲ್ಲೇ ಇತ್ತಲ್ಲ ಅನಿಸುತ್ತೆ.

ಬಸ್ಸಿನಲ್ಲಿ ಪಕ್ಕದ ಸೀಟಿನವರು ಇನ್ನೂ ನೋಡಿಲ್ಲವೆಂದರೆ, ದಯವಿಟ್ಟು ಕೊನೆ ಮಾತ್ರ ಹೇಳಿಬಿಡಬೇಡಿ.